ಕೆಳಗಿನಿಂದ ಕತ್ತರಿಸಿದವರು

ಅವರ ನಿವೃತ್ತಿಯ ದಿನ ಪುಣೆಯ ಖರಾಡಿಯಲ್ಲಿ ಉಡುಪಿ ಹೋಟೆಲೊಂದರ ಮೇಲಿನ ಹಾಲ್‌ನಲ್ಲಿ ಐದು ಜನ ಮಾತಾಡಿದರು. ಐದೂ ಜನ ಒಳ್ಳೆಯದನ್ನೇ ಹೇಳಿದರು. ಆರನೆಯವನಾಗಿ ನನ್ನನ್ನು ಕರೆದಾಗ ಗಂಟಲು ಸರಿಯಿಲ್ಲ ಎಂದು ಹೇಳಿ ಕೂತುಬಿಟ್ಟೆ. ಗಂಟಲು ಸರಿಯಾಗಿಯೇ ಇತ್ತು. ಅಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಹೆಸರು ಬೇಕಿಲ್ಲ, ಗೊತ್ತಿಲ್ಲದವರಿಗೆ ಅದರಿಂದ ಉಪಯೋಗವಿಲ್ಲ.

ನಾನು ಹನ್ನೊಂದು ವರ್ಷ ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತಿದ್ದವನು. ಹೆಂಡತಿಗೆ ಖಡಕಿಯ ರಕ್ಷಣಾ ಕಚೇರಿಗೆ ವರ್ಗವಾದ್ದರಿಂದ ಪುಣೆಗೆ ಬಂದೆ. ಖರಾಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದಸ್ತಾವೇಜು ಬರೆಯುವ ಕೆಲಸ ಸಿಕ್ಕಿತು. ಅಪ್ಲಿಕೇಶನ್ ಹೇಗೆ ನಡೆಯುತ್ತದೆ, ಎಲ್ಲಿ ಏನು ಬದಲಾಗಿದೆ ಎಂದು ಸರಳವಾಗಿ ಬರೆದಿಡುವುದು ನನ್ನ ಪಾಲು. ಅವರು ನಮ್ಮ ತಂಡದ ಡೇಟಾಬೇಸ್ ಹಿರಿಯರು. ವಿಜಯಪುರದವರು, ಮೂವತ್ತು ವರ್ಷದಿಂದ ಪುಣೆಯಲ್ಲಿದ್ದವರು. ಹೊರಗೆ ಮರಾಠಿ, ನನ್ನ ಜೊತೆ ಕನ್ನಡ. ಮೊದಲ ದಿನವೇ, ‘ನಮ್ಮವರ ಬಂದ್ರಲ್ಲ’ ಎಂದು ನನ್ನ ಕುರ್ಚಿಯನ್ನು ತಮ್ಮ ಟೇಬಲ್ಲಿನ ಪಕ್ಕಕ್ಕೆ ಎಳೆಸಿಕೊಂಡರು. ಹೀಗಾಗಿ ಆರು ವರ್ಷ ನಾನು ಅವರನ್ನು ಮೂರು ಅಡಿ ದೂರದಿಂದ ನೋಡಿದೆ.

ಅವರಿಗೆ ಒಂದು ಅಭ್ಯಾಸವಿತ್ತು. ಕೈಗೆ ಸಿಕ್ಕ ಯಾವುದೇ ಕಾಗದದ ಕೆಳಗಿನ ಅಂಚನ್ನು ಬೆರಳಗಲ ಹರಿದು, ಸುರುಳಿ ಸುತ್ತಿ, ಕಿವಿ ಕೆರೆದುಕೊಳ್ಳುತ್ತಿದ್ದರು. ಕಾಗದ ಯಾರದು ಎಂದು ನೋಡುತ್ತಿರಲಿಲ್ಲ. ರಜೆ ಅರ್ಜಿ, ಊಟದ ಮೆನು, ಬ್ಯಾಂಕಿನ ಪತ್ರ, ಒಮ್ಮೆ ನನ್ನ ಮಗಳ ಶಾಲೆಯ ಪ್ರಗತಿಪತ್ರ. ಕೆರೆದು ಮುಗಿದ ಮೇಲೆ ಸುರುಳಿಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಪರೀಕ್ಷಿಸಿ, ಪಕ್ಕದ ಟೇಬಲ್ಲಿನ ಮೇಲೆ ಬಿಡುತ್ತಿದ್ದರು. ಪಕ್ಕದ ಟೇಬಲ್ ಒಂದು ನನ್ನದು. ಇನ್ನೊಂದು ಸಾಯಲಿಯದು. ಆಕೆ ತಂಡದಲ್ಲಿ ಎಲ್ಲರಿಗಿಂತ ಕಿರಿಯಳು, ಚಿಂಚವಡದ ಹುಡುಗಿ, ಪ್ರೋಗ್ರಾಂ ಬರೆಯುತ್ತಿದ್ದಳು. ಬೆಳಿಗ್ಗೆ ಬಂದವಳೇ ಒಂದು ಟಿಶ್ಯೂ ತೆಗೆದುಕೊಂಡು ಹಿಂದಿನ ದಿನದ ಸುರುಳಿಗಳನ್ನು ಎತ್ತಿ ಬುಟ್ಟಿಗೆ ಹಾಕುವುದು ಅವಳ ಮೊದಲ ಕೆಲಸ. ಒಂದು ದಿನವೂ ಅವರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಇನ್ನೊಂದು ಅಭ್ಯಾಸ, ಯಾರ ಮಾತನ್ನೂ ಕೊನೆಯವರೆಗೆ ಕೇಳದಿರುವುದು. ಕನ್ನಡದಲ್ಲಿ ‘ತಿಳೀತ್ರಿ, ಸಾಕು.’ ಮರಾಠಿಯಲ್ಲಿ ‘ಕಳಲಂ, ಕಳಲಂ.’ ತಿಳಿಯಿತು ಎಂಬುದಕ್ಕೆ ಮರಾಠಿಯ ಈ ಮಾತನ್ನು ಅವಸರದಲ್ಲಿ ಅಂದರೆ ಕನ್ನಡದ ಕಿವಿಗೆ ‘ಕಳ್ಳ, ಕಳ್ಳ’ ಎಂದೇ ಕೇಳುತ್ತದೆ. ಕೆಳಗಿನ ಮಹಡಿಯಲ್ಲಿದ್ದ ಬೆಂಗಳೂರಿನ ಹುಡುಗರು ಇದನ್ನು ಹಿಡಿದುಕೊಂಡಿದ್ದರು. ಅವರು ಮೆಟ್ಟಿಲಿಳಿದು ಬರುವುದು ಕಂಡರೆ, ‘ಬಂದ್ರು ನೋಡು ಗುರು, ಇನ್ನು ಯಾರನ್ನ ಹಿಡೀತಾರೋ’ ಅನ್ನುತ್ತಿದ್ದರು. ಹುಡುಗರು ಹೀಗೆ ಅನ್ನುವುದು ಅವರಿಗೆ ಗೊತ್ತಿತ್ತು. ತಾವೂ ನಗುತ್ತಿದ್ದರು. ಅವಮಾನ ಅವರಿಗೆ ಅಂಟುತ್ತಿರಲಿಲ್ಲ.

ಮಾತಿನ ಯಾವ ಹಂತದಲ್ಲಿ ಅವರು ತಡೆಯುತ್ತಾರೆ ಎಂಬುದನ್ನು ನಾನು ಕೆಲವು ದಿನ ಗಮನಿಸಿದ್ದೆ. ವಾಕ್ಯದ ಕ್ರಿಯಾಪದ ಬರುವ ಮುಂಚೆ. ಕನ್ನಡದಲ್ಲೂ ಮರಾಠಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಾಳೆ ನಾನು ಆಸ್ಪತ್ರೆಗೆ’ ಎಂದು ಒಬ್ಬ ಶುರುಮಾಡಿದರೆ, ಹೋಗಬೇಕೋ ಹೋಗಬಾರದೋ, ಹೋಗಿ ಬಂದಾಯಿತೋ ಎಂಬುದು ತಿಳಿಯುವ ಮೊದಲೇ ಅವರು ತಿಳಿಯಿತು ಎಂದಿರುತ್ತಿದ್ದರು.

ಕೇಳುವ ತಾಳ್ಮೆಯೇ ಇಲ್ಲದ ಮನುಷ್ಯ ಎಂದರೆ ತಪ್ಪಾಗುತ್ತದೆ. ಮಧ್ಯಾಹ್ನ ಒಂದೂವರೆಗೆ ಮನೆಯಿಂದ ತಾಯಿಯ ಫೋನ್ ಬರುತ್ತಿತ್ತು. ಹಿಂದಿನ ಸಂಜೆಯ ಧಾರಾವಾಹಿಯ ಕತೆಯನ್ನು ಆಕೆ ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದರು. ಕಿವಿ ಮಂದವಾದ್ದರಿಂದ ಜೋರಾಗಿ ಹೇಳುತ್ತಿದ್ದರು, ನನಗೂ ಕೇಳುತ್ತಿತ್ತು. ಸೊಸೆ ಹಾಲಿನಲ್ಲಿ ಏನೋ ಕಲಸಿದಳು, ಅತ್ತೆ ನೋಡಿಬಿಟ್ಟಳು. ಅವರು ಊಟ ಬಿಟ್ಟು, ‘ಹೂಂ ಅವ್ವಾ, ಆಮ್ಯಾಲ? ಮುಂದ?’ ಎನ್ನುತ್ತಿದ್ದರು. ಇಪ್ಪತ್ತು ನಿಮಿಷ. ಒಂದು ದಿನವೂ ಸಾಕು ಎಂದದ್ದನ್ನು ನಾನು ಕೇಳಿಲ್ಲ. ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವರೂ ಅವರೇ. ಯುಗಾದಿಗೆ ಇಡೀ ಮಹಡಿಗೆ ಶೇಂಗಾ ಹೋಳಿಗೆ ತರುತ್ತಿದ್ದರು. ಇವೂ ದಾಖಲೆಯಲ್ಲಿರಲಿ. ಕೇಳುವುದು ಬರುತ್ತಿತ್ತು, ಯಾರನ್ನು ಕೇಳಬೇಕು ಎಂದು ಅವರು ಆರಿಸಿಕೊಂಡಿದ್ದರು. ಇದು ಗೊತ್ತಾದ ಮೇಲೆ ನನಗೆ ಅವರ ಬಗ್ಗೆ ಇದ್ದ ಸಣ್ಣ ಕಿರಿಕಿರಿ ಬೇರೆಯೇ ಆಯಿತು.

ಈಗ ಆ ಕೆಲಸದ ಸಂಗತಿ. ಪುಣೆಯ ಅಂಚಿನ ಭೋಸರಿಯ ಸಣ್ಣ ಕಾರ್ಖಾನೆಗಳಿಗೆಲ್ಲ ಸೇರಿ ಒಂದು ಅಪಘಾತ ವಿಚಾರಣಾ ಕಚೇರಿ ಇದೆ. ಯಂತ್ರಕ್ಕೆ ಸಿಕ್ಕು ಯಾರಿಗಾದರೂ ಗಾಯವಾದರೆ ಅಲ್ಲಿ ಹೇಳಿಕೆ ತೆಗೆದುಕೊಳ್ಳುತ್ತಾರೆ. ಗಾಯವಾದವರು ಹೇಳುತ್ತ ಹೋದಂತೆ ಗುಮಾಸ್ತರು ನೇರವಾಗಿ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಓದಿ ಹೇಳಿ, ಬೇರೊಂದು ರಿಜಿಸ್ಟರಿನಲ್ಲಿ ಹೆಬ್ಬೆಟ್ಟೋ ಸಹಿಯೋ ತೆಗೆದುಕೊಳ್ಳುವ ಪದ್ಧತಿ. ಹೆಚ್ಚಿನವು ಮರಾಠಿಯಲ್ಲಿ, ಕೆಲವು ಹಿಂದಿಯಲ್ಲಿ. ಕನ್ನಡ ಬಲ್ಲ ಗುಮಾಸ್ತರೊಬ್ಬರು ಇದ್ದುದರಿಂದ ಯಾದಗಿರಿ, ಕಲಬುರಗಿ ಕಡೆಯವರದು ಕನ್ನಡದಲ್ಲಿ. ಅಪ್ಲಿಕೇಶನ್ ತೀರಾ ಹಳೆಯದು. ಅದನ್ನು ಹೊಸ ಡೇಟಾಬೇಸಿಗೆ ಸಾಗಿಸುವ ಕೆಲಸ ನಮ್ಮ ಕಂಪನಿಗೆ ಬಂತು.

ಸಾಗಿಸುವಾಗ ಹೊಸ ಮನೆಯಲ್ಲಿ ಪ್ರತಿಯೊಂದಕ್ಕೂ ಜಾಗ ಗೊತ್ತುಮಾಡಬೇಕು. ಈ ಕಾಲಂನಲ್ಲಿ ತಾರೀಕು, ಈ ಕಾಲಂನಲ್ಲಿ ಅಂಕಿ, ಇಲ್ಲಿ ಹೆಸರು. ಹೇಳಿಕೆಯಂಥ ಉದ್ದ ಬರಹಕ್ಕೆ ಎರಡು ದಾರಿ ಇದ್ದವು. ಒಂದು, ನಾಲ್ಕು ಸಾವಿರದ ಮಿತಿ ಇರುವ ಸಾಧಾರಣ ಕಾಲಂ. ಇನ್ನೊಂದು, ಎಷ್ಟು ಉದ್ದವಾದರೂ ಹಿಡಿಸುವ ದೊಡ್ಡ ಕಾಲಂ. ದೊಡ್ಡದನ್ನು ಹಾಕಿದರೆ ಕಂಪ್ಯೂಟರ್ ತೆಗೆದುಕೊಡುವ ಹಳೆಯ ವರದಿಗಳು ಕೆಲವು ಒಡೆಯುತ್ತಿದ್ದವು, ಅಂದರೆ ನಡೆಯದೆ ನಿಲ್ಲುತ್ತಿದ್ದವು, ಅವನ್ನು ತಿರುಗಿ ಬರೆಯಬೇಕಿತ್ತು. ಇದು ಸುಳ್ಳಲ್ಲ. ಅವರು ಹಳೆಯ ಡೇಟಾಬೇಸಿನಲ್ಲಿ ಅತಿ ಉದ್ದದ ಹೇಳಿಕೆಯನ್ನು ಹುಡುಕಿ ಅಳೆದರು. ನಾಲ್ಕು ಸಾವಿರದ ಒಳಗೇ ಇತ್ತು. ‘ಸಾಧಾರಣದ್ದ ಹಾಕ್ರಿ, ಸಾಕು’ ಎಂದು ತೀರ್ಮಾನ ಕೊಟ್ಟರು.

ಅಳತೆ ಸರಿಯಾಗಿತ್ತು, ಮೊಳ ಬೇರೆಯಾಗಿತ್ತು. ಹಳೆಯ ಅಪ್ಲಿಕೇಶನ್ ಯಾವುದೋ ಹಳೆಯ ಫಾಂಟಿನಲ್ಲಿ ಬರೆಸಿಕೊಳ್ಳುತ್ತಿತ್ತು, ಅಲ್ಲಿ ಒಂದು ಗುರುತಿಗೆ ಒಂದೇ ಜಾಗ. ಹೊಸದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಜಾಗ, ಕನ್ನಡದ ಅಥವಾ ನಾಗರಿಯ ಒಂದೊಂದು ಗುರುತಿಗೆ ಮೂರು. ‘ಸು’ ಎಂದು ಬರೆದರೆ ಸಕಾರಕ್ಕೆ ಮೂರು, ಅದರ ಕೊಂಬಿಗೆ ಮೂರು. ಆ ನಾಲ್ಕು ಸಾವಿರ ಎಣಿಸುತ್ತಿದ್ದುದು ಅಕ್ಷರಗಳನ್ನಲ್ಲ, ಈ ಜಾಗಗಳನ್ನು. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲವೂ ಹಿಡಿಸಿತು. ಮರಾಠಿ, ಕನ್ನಡದ ಹೇಳಿಕೆಗಳು ಬರತೊಡಗಿದೊಡನೆ ತುಂಬಿಸುವ ಕೆಲಸ ಮತ್ತೆ ಮತ್ತೆ ನಡುವೆಯೇ ನಿಂತುಹೋಯಿತು.

ಸಾಯಲಿ ಕಾರಣ ಕಂಡುಹಿಡಿದಳು. ಅವಳು ಎದ್ದು ಬಂದು ಅವರ ಟೇಬಲ್ಲಿನ ಮುಂದೆ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿ ಒಂದು ಹಾಳೆ ಇತ್ತು, ಅದರಲ್ಲಿ ಒಂದು ಮರಾಠಿ ವಾಕ್ಯ ಬರೆದು ಪ್ರತಿ ಗುರುತಿನ ಕೆಳಗೆ ಮೂರು ಚುಕ್ಕಿ ಇಟ್ಟಿದ್ದಳು. ಸರ್, ನಮ್ಮ ಅಕ್ಷರ ಒಂದೊಂದೂ ಮೂರು, ಎಂದು ಶುರುಮಾಡಿದಳು.

‘ಕಳಲಂ, ಕಳಲಂ’ ಎಂದರು. ಮಿತಿ ಮೀರಿದ್ದನ್ನು ಕತ್ತರಿಸಿ ಒಳಗೆ ಬಿಡುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಲು ಹೇಳಿದರು. ಎಷ್ಟು ಹೇಳಿಕೆ ತುಂಡಾಗುತ್ತವೆ ಎಂದು ಪಟ್ಟಿ ಬರೆಸಿಕೊಳ್ಳಲೇ ಎಂದು ಅವಳು ಕೇಳಿದಳು. ಪಟ್ಟಿ ಮಾಡಿದರೆ ಅದನ್ನು ಓದಬೇಕಾಗುತ್ತದೆ ಎಂದರು. ಅವಳ ಹಾಳೆಯನ್ನು ತೆಗೆದುಕೊಂಡು, ಕೆಳಗಿನ ಅಂಚು ಹರಿದು, ಸುರುಳಿ ಸುತ್ತಿದರು.

ಅಂದೇ ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಕೇಳಿದರು. ‘ನೀವು ಪೇಪರಿನಾಗ ಇದ್ದವ್ರು. ಸುದ್ದಿ ಉದ್ದಾದ್ರ ಏನ್ ಮಾಡ್ತಿದ್ರಿ?’

‘ಕೆಳಗಿನಿಂದ ಕತ್ತರಿಸ್ತಿದ್ವಿ’ ಎಂದೆ. ಅದು ನಿಜ. ವರದಿಗಾರ ಮುಖ್ಯವಾದದ್ದನ್ನು ಮೊದಲ ಪ್ಯಾರಾದಲ್ಲಿ ಬರೆದಿರುತ್ತಾನೆ. ಜಾಗ ಸಾಲದಿದ್ದರೆ ಡೆಸ್ಕಿನವನು ಕಣ್ಣು ಮುಚ್ಚಿ ಕೊನೆಯಿಂದ ಪ್ಯಾರಾ ಹಾರಿಸಬಹುದು. ನಾನು ಸಾವಿರಾರು ಸುದ್ದಿಗಳನ್ನು ಹಾಗೆ ಹಾರಿಸಿದ್ದೇನೆ. ಅವರು ತಟ್ಟೆ ಬಿಟ್ಟು ನನ್ನ ಬೆನ್ನು ತಟ್ಟಿದರು. ಮರುದಿನದ ಮೀಟಿಂಗಿನಲ್ಲಿ, ಪತ್ರಿಕೆಯವರೇ ಹೀಗೆ ಮಾಡುತ್ತಾರೆ, ಮುಖ್ಯವಾದದ್ದು ಮೇಲೇ ಇರುತ್ತದೆ, ಬೇಕಾದರೆ ಇವರನ್ನು ಕೇಳಿ ಎಂದು ನನ್ನ ಕಡೆ ಕೈ ತೋರಿಸಿದರು. ನಾನು ತಲೆಯಾಡಿಸಿದೆ. ಹೇಳಿಕೆಗಳು ಯಾವುವು, ಅವನ್ನು ಯಾರು ಹೇಗೆ ಹೇಳುತ್ತಾರೆ ಎಂದು ಒಂದನ್ನಾದರೂ ತೆರೆದು ನೋಡಬೇಕು ಎಂದು ನನಗೆ ಅನಿಸಲಿಲ್ಲ.

ಸಾಗಾಣಿಕೆಯ ದಸ್ತಾವೇಜು ಬರೆದವನು ನಾನೇ. ಅದರಲ್ಲಿ ‘ಎಲ್ಲ ಹೇಳಿಕೆಗಳೂ ಹೊಸ ವ್ಯವಸ್ಥೆಗೆ ಸಂಪೂರ್ಣವಾಗಿ ವರ್ಗವಾಗಿವೆ’ ಎಂಬ ವಾಕ್ಯ ಇದೆ. ಅವರು ಹೇಳಿದರು, ನಾನು ಬರೆದೆ. ಪತ್ರಿಕೆಯಲ್ಲಿದ್ದಾಗ ಯಾರಾದರೂ ಹೇಳಿದ್ದನ್ನು ಪರಿಶೀಲಿಸದೆ ಹಾಕಿದ ಹುಡುಗರ ಪ್ರತಿಯನ್ನು ಮುಖಕ್ಕೆ ಎಸೆಯುತ್ತಿದ್ದವನು ನಾನು. ಆ ದಸ್ತಾವೇಜಿನ ಆಧಾರದ ಮೇಲೆ ಮೂರು ತಿಂಗಳ ಬಳಿಕ ಹಳೆಯ ಸರ್ವರನ್ನು ಒರೆಸಿ ಬೇರೆ ಕೆಲಸಕ್ಕೆ ಹಾಕಿದರು. ಹಳೆಯದರ ಒಂದು ಪ್ರತಿ ಇಟ್ಟುಕೊಳ್ಳೋಣ ಎಂದು ಸಾಯಲಿ ಅರ್ಧ ಹೇಳಿದ್ದಳು. ಮಿಕ್ಕರ್ಧ ಏನಿತ್ತೋ ಗೊತ್ತಿಲ್ಲ.

ಆಮೇಲೆ ಒಂದು ಬೆಳಿಗ್ಗೆ ವಿಚಾರಣಾ ಕಚೇರಿಯ ಅಧಿಕಾರಿಯಿಂದ ಫೋನ್ ಬಂತು. ಮರಾಠಿಯವರು, ಮೆತ್ತಗೆ ಮಾತಾಡುವವರು. ಒಂದು ಕನ್ನಡ ಹೇಳಿಕೆ ಅರ್ಧಕ್ಕೆ ನಿಂತಂತೆ ಕಾಣುತ್ತದೆ, ಕನ್ನಡ ಬಲ್ಲವರು ಯಾರಾದರೂ ಬಂದು ನೋಡಬೇಕು ಎಂದರು. ಕಚೇರಿಯ ಕನ್ನಡದ ಗುಮಾಸ್ತರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಫೋನಿನಲ್ಲಿ ಕೇಳಿದರೆ, ನೂರಾರು ಹೇಳಿಕೆ ಟೈಪು ಮಾಡಿದ್ದೇನೆ, ಯಾವುದೆಂದು ನೆನಪಿಟ್ಟುಕೊಳ್ಳಲಿ ಎಂದಿದ್ದರಂತೆ. ನಮ್ಮ ಹಿರಿಯರೂ ನಾನೂ ಕಂಪನಿಯ ಕಾರಿನಲ್ಲಿ ಭೋಸರಿಗೆ ಹೋದೆವು.

ಅಲ್ಲಿ ನಾಗಮ್ಮ ಕೂತಿದ್ದಳು. ಯಾದಗಿರಿ ಕಡೆಯವಳು, ನಲವತ್ತರ ಹತ್ತಿರ. ತಗಡು ಒತ್ತುವ ಪ್ರೆಸ್ ಮೇಲೆ ಕೆಲಸ. ಎಂಟು ತಿಂಗಳ ಹಿಂದೆ ಬಲಗೈಯ ಎರಡು ಬೆರಳು ಹೋಗಿದ್ದವು. ಆ ಕೈಯನ್ನು ಸೆರಗಿನಡಿ ಇಟ್ಟುಕೊಂಡಿದ್ದಳು. ಪ್ರೆಸ್ಸಿನ ಮುಂದೆ ಕೈ ಒಳಗೆ ಹೋಗದಂತೆ ಒಂದು ಕಬ್ಬಿಣದ ಜಾಳಿಗೆ ಇರಬೇಕು. ಅದು ಇದ್ದರೆ ಕೆಲಸ ನಿಧಾನ. ಗಾಯವಾದ ದಿನ ಜಾಳಿಗೆ ಇರಲಿಲ್ಲ. ಯಾರು ತೆಗೆದರು ಎಂಬುದೇ ವಿಚಾರಣೆ.

ಅಧಿಕಾರಿ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನಾನು ಓದಿದೆ. ಹೆಸರು, ತಂದೆಯ ಹೆಸರು, ಗಂಡನ ಹೆಸರು, ಊರು, ಊರಿನಲ್ಲಿ ಯಾರ ಓಣಿ, ಭೋಸರಿಗೆ ಯಾರ ಜೊತೆ ಬಂದದ್ದು, ಮೊದಲು ಗಾರೆ ಕೆಲಸ, ಆಮೇಲೆ ಈ ಕಾರ್ಖಾನೆ, ಸುವರ್ಣಾ ಎಂಬ ಗೆಳತಿ ಪಕ್ಕದ ಯಂತ್ರ ಕೊಡಿಸಿದ್ದು, ಇಬ್ಬರೂ ಒಂದೇ ಓಣಿಯಲ್ಲಿ ಇರುವುದು, ಆ ದಿನ ಏನು ತಿಂದು ಹೋಗಿದ್ದಳು ಎಂಬುದು ಕೂಡ. ಪತ್ರಿಕೆಯ ಡೆಸ್ಕಿನಲ್ಲಿ ಇದು ಬಂದಿದ್ದರೆ ಇದೆಲ್ಲವನ್ನೂ ನಾನು ಹೊಡೆದುಹಾಕುತ್ತಿದ್ದೆ. ಆಕೆಗೆ ಗಾಯದ ಮಾತು ಅಷ್ಟೆಲ್ಲ ಆದ ಮೇಲೇ ಬರಬೇಕು. ತಾನು ಯಾರು ಎಂಬುದು ಗೊತ್ತಿಲ್ಲದವರಿಗೆ ತನಗೆ ಏನಾಯಿತು ಎಂದು ಹೇಗೆ ಹೇಳುವುದು? ಕೊನೆಯ ಸಾಲು ಹೀಗಿತ್ತು: ‘ಆ ಜಾಳಿಗಿ ತಗಿಸಿದವರು ಯಾರಂದ್ರ ನಮ್ಮ ಸು’

ಅಲ್ಲಿಗೆ ಮುಗಿದಿತ್ತು. ಚುಕ್ಕಿ ಇಲ್ಲ.

ನಾಗಮ್ಮನ ಮಾತಿನ ಪ್ರಕಾರ ಅದು ‘ನಮ್ಮ ಸುಪರ್‌ವೈಜರ.’ ಕಾರ್ಖಾನೆಯ ಪ್ರಕಾರ ಅದು ‘ನಮ್ಮ ಸುವರ್ಣಾ.’ ವಿಚಾರಣೆಗಾಗಿ ಕಾರ್ಖಾನೆಗೆ ಕಳಿಸಿದ್ದ ಆ ಹೇಳಿಕೆಯ ಪ್ರತಿಯನ್ನು ಸುಪರ್‌ವೈಜರ್ ಸುವರ್ಣಾಳಿಗೆ ತೋರಿಸಿದ್ದ. ನಿನ್ನ ಗೆಳತಿ ಯಾರ ಹೆಸರು ಬರೆಸಿದ್ದಾಳೆ ನೀನೇ ಓದು ಎಂದಿದ್ದ. ಸುವರ್ಣಾಳಿಗೆ ಕೂಡಿಸಿ ಓದಲು ಬರುತ್ತಿತ್ತು. ಮೇಲೆ ತನ್ನ ಹೆಸರು ಪೂರ್ತಿ ಬಂದಿತ್ತು, ಕೆಳಗೆ ಅದರ ಮೊದಲ ಅಕ್ಷರ. ಅಂದಿನಿಂದ ಮಾತು ಬಿಟ್ಟಿದ್ದಳು. ಕಾರ್ಖಾನೆ ಅವಳನ್ನೂ ಕೆಲಸದಿಂದ ನಿಲ್ಲಿಸಿತ್ತು.

ಇದು ತಾನಾಗಿ ನಿಂತದ್ದೇ ಅಥವಾ ಮುಂದೆ ಏನಾದರೂ ಇತ್ತೇ ಎಂದು ಅಧಿಕಾರಿ ನಮ್ಮ ಹಿರಿಯರನ್ನು ಮರಾಠಿಯಲ್ಲಿ ಕೇಳಿದರು. ನಾನು ಅವರ ಮುಖ ನೋಡಿದೆ. ಅವರಿಗೆ ಆ ಕ್ಷಣಕ್ಕೆ ಎಲ್ಲವೂ ಗೊತ್ತಾಗಿತ್ತು. ಹೇಳಿಕೆ ನಿಂತ ಜಾಗ ನೋಡಿ ಅವರ ತುಟಿ ಲೆಕ್ಕ ಹಾಕಿದಂತೆ ಒಮ್ಮೆ ಅಲುಗಿತು. ಆಮೇಲೆ, ಗುಮಾಸ್ತರು ಇಷ್ಟೇ ಟೈಪು ಮಾಡಿದ್ದಾರೆ, ನಮ್ಮ ಕಡೆಯಿಂದ ಎಲ್ಲವೂ ಸಂಪೂರ್ಣವಾಗಿ ಬಂದಿದೆ, ದಸ್ತಾವೇಜಿನಲ್ಲಿ ಬರೆದಿದೆ ನೋಡಿ ಎಂದರು. ನನ್ನ ವಾಕ್ಯ ಅವರ ಬಾಯಲ್ಲಿ ಅಕ್ಷರ ತಪ್ಪದೆ ಬಂತು. ನಾಗಮ್ಮನ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದರು. ‘ಅಷ್ಟ ಬರದದ ನೋಡವಾ. ನೀ ಅಷ್ಟ ಹೇಳಿದಿ.’

ನಾಗಮ್ಮ ಜಗಳಕ್ಕೆ ಬರಲಿಲ್ಲ. ‘ಇಲ್ರಿ ಸಾಹೇಬ್ರ, ನಾ ಪೂರಾ ಹೇಳೀನಿ. ಆ ಅಣ್ಣಾರು ಪೂರಾ ಓದಿ ತೋರಿಸ್ಯಾರ. ಇನ್ನೊಮ್ಮಿ ಹೇಳತೀನಿ ಬರಕೋರಿ’ ಎಂದಳು. ಶುರುಮಾಡಿದಳು. ನನ್ನ ಹೆಸರು ನಾಗಮ್ಮ, ನಮ್ಮಪ್ಪನ ಹೆಸರು ಇಂಥದು, ನಮ್ಮ ಊರಾಗ ಅಗಸಿ ಬಾಗಿಲ ಓಣಿ.

‘ತಿಳೀತು, ತಿಳೀತು’ ಎಂದರು ಅವರು. ‘ಜಾಳಿಗಿ ಯಾರು ತಗಿಸಿದ್ರು, ಅಷ್ಟ ಹೇಳು.’

ಆಕೆಯ ಮಾತು ಅಲ್ಲಿಗೇ ತುಂಡಾಯಿತು. ‘ನಡುವಿಂದ ಹೇಳಾಕ ನಂಗ ಬರಂಗಿಲ್ರಿ’ ಎಂದಳು.

ಅಧಿಕಾರಿ ಆಕೆಯ ಹೊಸ ಹೇಳಿಕೆ ತೆಗೆದುಕೊಳ್ಳಲು ಒಪ್ಪಿದರು. ನಾನು ಒಂದು ಹಾಳೆ ತೆಗೆದು ಕೈಯಿಂದ ಬರೆದುಕೊಂಡೆ, ಅಪ್ಪನ ಹೆಸರಿನಿಂದ ಸುಪರ್‌ವೈಜರನ ಹೆಸರಿನವರೆಗೆ, ನಾಲ್ಕು ಪುಟ. ನಮ್ಮ ಹಿರಿಯರು ಹೊರಗೆ ಹೋಗಿ ಕಾರಿನಲ್ಲಿ ಕೂತರು. ಬರೆದು ಮುಗಿದ ಮೇಲೆ ಅಧಿಕಾರಿ ಬೇಸರದಿಂದಲೇ ಹೇಳಿದರು: ಇದಕ್ಕೆ ಇಂದಿನ ತಾರೀಕು ಬೀಳುತ್ತದೆ. ಎಂಟು ತಿಂಗಳ ಮೇಲೆ, ವಿಷಯ ಎದ್ದ ಮೇಲೆ ಹೇಳಿದ್ದು ಎಂದು ಕಾರ್ಖಾನೆಯವರು ವಾದಿಸುತ್ತಾರೆ. ನಾಗಮ್ಮನಿಗೆ ಅದನ್ನು ಕನ್ನಡದಲ್ಲಿ ತಿಳಿಸಿದೆ. ಆಕೆಗೆ ಅದು ದೊಡ್ಡದಾಗಿ ಕಾಣಲಿಲ್ಲ. ಆಕೆ ಕೇಳಿದ್ದು ಬೇರೆ.

‘ಅಣ್ಣಾರ, ಬೆರಳ ಹೋದುವು, ಹೋಗ್ಲಿ. ನಾ ಆಕಿ ಹೆಸರ ತಗೊಂಡಿಲ್ಲ ಅಂತ ಆಕಿಗಿ ಹಳೀ ಕಾಗದ ಓದಿ ತೋರಸ್ರಿ. ಹೊಸಾದು ಬ್ಯಾಡ.’

ಹಳೆಯ ಕಾಗದ ಎಲ್ಲೂ ಇರಲಿಲ್ಲ.

ಖರಾಡಿಗೆ ಹಿಂದಿರುಗುವಾಗ ಅವರು ದಾರಿಯುದ್ದಕ್ಕೂ ತಾಯಿಯ ಜೊತೆ ಫೋನಿನಲ್ಲಿದ್ದರು. ಮುಂದ ಅವ್ವಾ, ಮುಂದ. ಕಂಪನಿ ಮುಟ್ಟಿದ ಮೇಲೆ ಸಾಯಲಿಯನ್ನು ಕರೆದು ಆ ಕಾಲಂ ದೊಡ್ಡದು ಮಾಡಿಬಿಡು ಎಂದರು, ಮುಂದೆ ತಲೆನೋವು ಬೇಡ. ಅವಳು ಮಾಡಿದಳು. ಒಡೆಯುತ್ತವೆ ಎಂದು ಅವರು ಹೆದರಿಸಿದ್ದ ವರದಿಗಳನ್ನೂ ತಿರುಗಿ ಬರೆದಳು. ಅದೆಲ್ಲ ಎರಡೇ ದಿನದ ಕೆಲಸವಾಗಿತ್ತು. ಎರಡನೆಯ ಸಂಜೆ ಅವಳು ನನ್ನ ಟೇಬಲ್ಲಿನ ಹತ್ತಿರ ಬಂದು ಬೆರಳೆರಡನ್ನು ಎತ್ತಿ ತೋರಿಸಿದಳು. ಎರಡು ದಿನ ಎಂದು ಹೇಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ನಾನು ಬೇರೆಯ ಎರಡು ಬೆರಳುಗಳನ್ನು ನೆನೆಯುತ್ತಿದ್ದೆ.

ನಾನು ಮಾಡಿದ್ದು ಇಷ್ಟು. ಆ ಕೋಣೆಯಲ್ಲಿ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಅಧಿಕಾರಿಗೆ ಒಂದು ಪತ್ರ ಬರೆದೆ: ನನ್ನ ದಸ್ತಾವೇಜಿನ ವಾಕ್ಯ ತಪ್ಪು, ಹೇಳಿಕೆಗಳು ಸಾಗಿಸುವಾಗ ತುಂಡಾಗಿವೆ, ಗುಮಾಸ್ತರದೂ ನಾಗಮ್ಮನದೂ ಅದರಲ್ಲಿ ದೋಷವಿಲ್ಲ. ಪತ್ರಿಕೆಗಳಲ್ಲಿ ತಪ್ಪು ಮೊದಲ ಪುಟದಲ್ಲಿ ಬಂದಿರುತ್ತದೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ. ನನ್ನದೂ ಹಾಗೇ ಆಯಿತು. ವಿಚಾರಣೆಯ ವರದಿಯಲ್ಲಿ ‘ಜಾಳಿಗೆ ತೆಗೆಸಿದವರು ಯಾರೆಂದು ಖಚಿತಪಡಿಸಲಾಗುವುದಿಲ್ಲ’ ಎಂದು ಬರೆದರು. ಸುಪರ್‌ವೈಜರ್ ಈಗಲೂ ಅಲ್ಲೇ ಇದ್ದಾನೆ. ಆ ಪತ್ರಕ್ಕಾಗಿ ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ‘ಬರದ್ರಿ? ಛಲೋ ಆತು ಬಿಡ್ರಿ’ ಎಂದು ಡಬ್ಬಿಯಿಂದ ಒಂದು ತುಂಡು ಹೋಳಿಗೆ ಕೊಟ್ಟರು. ತಿಂದೆ. ಅದನ್ನೂ ಬರೆಯಬೇಕು.

ಒಂದು ಭಾನುವಾರ ಸುವರ್ಣಾಳ ಮನೆಗೆ ಹೋದೆ. ನಾಗಮ್ಮ ಓಣಿಯ ತುದಿಯಲ್ಲೇ ನಿಂತಳು, ಮುಂದೆ ಬರಲಿಲ್ಲ. ಸುವರ್ಣಾ ಹೊಸ್ತಿಲಲ್ಲಿ ನಿಂತೇ ಕೇಳಿದಳು. ನಾನು ಅಕ್ಷರದ ಲೆಕ್ಕ, ಮೂರು ಜಾಗದ ಲೆಕ್ಕ, ಕತ್ತರಿಸಿದ ಲೆಕ್ಕ ಎಲ್ಲ ಹೇಳಿದೆ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು.

‘ನೀವು ಈಗ ಹೇಳೂದು ಆ ಕಾಗದದಾಗ ಅದೇನ್ರಿ?’ ಎಂದಳು.

‘ಇಲ್ಲವ್ವಾ. ಅದ ಹೋಗ್ಯದ.’

‘ಹಂಗಾರ ಹೋಗಿ ಬರ್ರಿ.’

ತಿರುಗಿ ಬಂದಾಗ ನಾಗಮ್ಮ ಓಣಿಯ ತುದಿಯಲ್ಲೇ ಇದ್ದಳು. ನನ್ನ ಮುಖ ನೋಡಿ ಚಹಾ ಕುಡಿದು ಹೋಗಿ ಎಂದಳು. ಎಡಗೈಯಲ್ಲಿ ಲೋಟ ಕೊಟ್ಟಳು. ಎಡಗೈಯಲ್ಲಿ ಕೊಡುತ್ತಿದ್ದೇನೆ, ತಪ್ಪು ತಿಳಿಯಬೇಡಿ ಎಂದಳು.

ಇದಾಗಿ ಒಂದು ವರ್ಷಕ್ಕೆ ಅವರ ನಿವೃತ್ತಿ. ಕೆಳಮಹಡಿಯ ಹುಡುಗರು ಒಂದು ದೊಡ್ಡ ಹಾರೈಕೆಯ ಕಾರ್ಡು ತಂದು ಎಲ್ಲರಿಂದ ಬರೆಸಿದರು. ನನ್ನ ಹತ್ತಿರ ಬರುವ ಹೊತ್ತಿಗೆ ಜಾಗವೆಲ್ಲ ತುಂಬಿ ಕೆಳಗಿನ ಅಂಚು ಮಾತ್ರ ಉಳಿದಿತ್ತು. ಅಲ್ಲಿ ಒಂದೇ ಅಕ್ಷರ ಬರೆದೆ. ‘ಸು.’ ಪಕ್ಕದಲ್ಲಿದ್ದ ಸಾಯಲಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ನಾಗಮ್ಮನ ಹೇಳಿಕೆ ನಿಂತ ಆ ಅಕ್ಷರವನ್ನು ಗುರುತು ಹಿಡಿದಳು. ಅಕ್ಷರದ ಕೆಳಗೆ ಸಣ್ಣದಾಗಿ ಆರು ಚುಕ್ಕಿ ಇಟ್ಟಳು.

ಭಾಷಣಗಳು ಮುಗಿದವು. ಕುಂದಾಪುರ ಕಡೆಯ ಹೋಟೆಲ್ ಮಾಲೀಕರೇ ನಿಂತು ಶಿರಾ ಬಡಿಸಿದರು. ಅವರು ಹಾರ ಹಾಕಿಕೊಂಡೇ ಕೂತು, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಕಾರ್ಡು ಹಿಡಿದು ಓದತೊಡಗಿದರು. ಪ್ರತಿಯೊಂದನ್ನೂ ಅರ್ಧ ಓದಿ, ಹೂಂ ಹೂಂ ಎಂದು ಮುಂದಿನದಕ್ಕೆ ಹೋಗುತ್ತಿದ್ದರು. ಕೆಳಗೆ ಬಂದಾಗ ನಿಂತರು. ಕಾರ್ಡನ್ನು ಬೆಳಕಿಗೆ ಹಿಡಿದರು.

‘ಏನ್ರೀ ಇದು? ಸು... ಮುಂದ?’

ಆರು ವರ್ಷದಲ್ಲಿ ಅವರು ನನ್ನನ್ನು ಮುಂದೇನು ಎಂದು ಕೇಳಿದ್ದು ಅದೊಂದೇ ಸಲ. ನಾನು ಹೇಳಿದೆ, ‘ಅಷ್ಟ ಬರದದ್ರಿ.’

ಅವರು ನನ್ನನ್ನು ನೋಡಿದರು. ನೆನಪಿಗೆ ಏನಾದರೂ ಬಂತೇ ಎಂದು ನಾನು ಕಾದೆ. ಬಂದಿರಬಹುದು, ಬರದೆಯೂ ಇರಬಹುದು. ಖಚಿತವಿಲ್ಲದ್ದನ್ನು ಬರೆಯುವುದಿಲ್ಲ. ಆಮೇಲೆ ನಕ್ಕರು.

‘ಪೇಪರಿನವ್ರು ನೀವು’ ಎಂದರು. ‘ಕತ್ತರಿಸೂದು ಬಿಡಂಗಿಲ್ಲ ನೋಡ್ರಿ.’

ಹಾಗೆಂದು ಕಾರ್ಡಿನ ಕೆಳಗಿನ ಅಂಚನ್ನು ಬೆರಳಗಲ ಹರಿದು, ಸುರುಳಿ ಸುತ್ತಿ, ಕಿವಿಗೆ ಹಾಕಿಕೊಂಡರು.